ಹೊರಮಗ್ಗುಲಿನ ಗಂಟು

ಕಲಬುರ್ಗಿ ದವಾಖಾನೆ, ಹೆಂಗಸರ ವಾರ್ಡು
ರುಧಿರೋದ್ಗಾರಿ ಸಂವತ್ಸರ, ಮಾಘ ಶುದ್ಧ ಪಂಚಮಿ, ಸನ ೧೯೨೪

ಕಸ್ತೂರಿಯ ತಂದೆಯವರ ಪಾದಗಳಿಗೆ ಸೂಗಮ್ಮನ ಶರಣಾರ್ಥಿಗಳು.

ಎಡಗಾಲೊಂದನ್ನು ಬಿಟ್ಟು ಮಿಕ್ಕ ನಾನೆಲ್ಲ ಕ್ಷೇಮ. ಆಪರೇಷನ್ ಆಗಿ ಆರು ದಿನವಾದರೂ ಒಂದು ಕಾಗದವಿಲ್ಲವೆಂದು ಅಲ್ಲಿ ನನ್ನ ಕಾಲಿಗಿಂತ ನಿಮ್ಮ ಮುಖವೇ ಹೆಚ್ಚು ಊದಿರಬೇಕು. ಕ್ಷಮಿಸಿ. ಕ್ಲೋರೋಫಾರ್ಮ್ ಎಂಬುದನ್ನು ಮೂಸಿಸಿದ ಮೇಲೆ ಎರಡು ದಿನ ವಾಂತಿ. ಮೂರನೆಯ ದಿನ ಟಾಕು ಹಿಡಿದರೆ ಕೈ ನಡುಗಿ ಅಕ್ಷರಗಳೆಲ್ಲ ಸಾಲು ಬಿಟ್ಟು ಓಡಿದವು. ನಮ್ಮಪ್ಪ ಕೂಲಿಮಠದಲ್ಲಿ ಗಂಡುಹುಡುಗರ ಜೊತೆ ಕೂರಿಸಿ ತಿದ್ದಿಸಿದ ಅಕ್ಷರ ಹಾಗೆ ಓಡುವುದನ್ನು ನಿಮಗೆ ತೋರಿಸಲು ಮನಸ್ಸಾಗಲಿಲ್ಲ.

ಎಲುಬಿನ ಸುದ್ದಿ ಕೇಳಿ. ತೋಟದಲ್ಲಿ ಬಾಳೆಯ ಗಿಡ ಗೊನೆ ಸಮೇತ ನನ್ನ ಮೇಲೆ ಬಿದ್ದಾಗ ಮುರಿದದ್ದು ಮೊಣಕಾಲಿನ ಕೆಳಗಿನ ದೊಡ್ಡ ಎಲುಬು. ಊರಿನ ಮರೆಪ್ಪ ಎರಡು ತಿಂಗಳು ಬಿದಿರಿನ ದಬ್ಬೆ ಕಟ್ಟಿದನಲ್ಲ, ಅಷ್ಟು ದಿನವೂ ಅದರ ಎರಡು ತುದಿಗಳು ಒಂದರ ಮೇಲೊಂದು ಹತ್ತಿ ಕುಳಿತಿದ್ದವಂತೆ. ಇಲ್ಲಿಯ ಡಾಕ್ಟರ್ ಸಾಹೇಬರು ಅವನ್ನು ಎಳೆದು ನೇರ ಮಾಡಿ, ಬೆರಳುದ್ದದ ಉಕ್ಕಿನ ಪಟ್ಟಿ ಇಟ್ಟು, ನಾಲ್ಕು ತಿರುಪು ಹಾಕಿ ಬಿಗಿದಿದ್ದಾರೆ. ನಮ್ಮ ಬಾಗಿಲಿಗೆ ಬಡಿಗ ಹಾಕಿದನಲ್ಲ, ಅಂಥದೇ ತಿರುಪು, ಸಣ್ಣದು. ಇನ್ನು ಮೇಲೆ ನನ್ನನ್ನು ಗಟ್ಟಿ ಹೆಂಗಸು ಎಂದು ನಿಮ್ಮ ಮಂದಿ ಹೇಳಿದರೆ ಅದು ಚಾಡಿಯಾಗುವುದಿಲ್ಲ, ನಿಜವಾಗುತ್ತದೆ.

ಕಾಲು ಊದಿದೆ. ಕೊಯ್ದ ಜಾಗದ ಸುತ್ತ ಕೆಂಪಾಗಿ, ಕೈಯಿಟ್ಟರೆ ಬಿಸಿ ತಾಗುತ್ತದೆ. ಡಾಕ್ಟರ್ ಸಾಹೇಬರು ಹೈದರಾಬಾದಿನವರು, ವಿಲಾಯತಿಯಲ್ಲಿ ಕಲಿತವರು. ನಮ್ಮ ಮಾತು ಆಡಲು ತುಂಬ ಆಸೆ. ಅವರು ಹೇಳಿದರು: “ದೇಖೋ ಅಮ್ಮಾ, ಲೋಹ ಕೂಡ್ಸಬೇಕಂದ್ರ ಮಾಂಸ ಕೊಯ್ಬೇಕು, ಎಲುಬಿಗಿ ತೂತು ಹಾಕಬೇಕು. ಶರೀರಕ್ಕ ಸಿಟ್ಟು ಬರ್ತದ. ಬಾವು ಅಂದ್ರ ಅದರ ಸಿಟ್ಟು. ಅದು ಛಲೋದೇ. ಐದಾರು ದಿನದಾಗ ಇಳೀಬೇಕು. ಇಳೀಲಿಲ್ಲಂದ್ರ ಒಳಗ ಬ್ಯಾರೆ ಯಾರೋ ಹೊಕ್ಕಾರಂತ ತಿಳ್ಕೋಬೇಕು.” ನಾನು ಅಂದೆ, ಸಿಟ್ಟಿನ ವಿಷಯ ನನಗೆ ಬಿಡಿ ಸಾಹೇಬರೇ, ಅದು ನನ್ನ ತವರಿನಿಂದ ಬಂದದ್ದು, ಅಷ್ಟು ಬೇಗ ಇಳಿಯುವುದಿಲ್ಲ.

ದಿನವೂ ಬೆಳಿಗ್ಗೆ ಗಾಯದ ಪಟ್ಟಿ ಬದಲಿಸುವವಳು ಹಣಮಮ್ಮ ಎಂಬಾಕೆ. ಊರ ಹೊರಗಿನ ಕೇರಿಯವಳು. ಮಿಷನ್ನಿನವರ ಬಳಿ ಆರು ವರ್ಷ ಈ ಕೆಲಸ ಕಲಿತು ಬಂದಿದ್ದಾಳೆ. ನಿಮ್ಮ ಅಕ್ಕ ಭೀಮಬಾಯಿಯವರು ಮೊದಲ ದಿನವೇ ಅವಳನ್ನು ಕಂಡು ಸೆರಗು ಬಿಗಿದುಕೊಂಡು ಮೂಲೆಗೆ ಸರಿದರು. ಆಕೆಗೆ ಅದು ಕಾಣಿಸಿತು, ಕಾಣಿಸದವಳ ಹಾಗೆ ಕೈ ತೊಳೆದಳು. ಅವಳು ಕೈ ತೊಳೆಯುವುದನ್ನು ನೀವು ನೋಡಬೇಕು. ಸಾಬೂನು, ಬಿಸಿನೀರು, ಮತ್ತೆ ಮೂಗಿಗೆ ಅಡರುವ ಎಂಥದೋ ಔಷಧಿ ನೀರು. ಅಂಗೈ ಸುಲಿದು ಬಿಳಿಚಿಕೊಂಡಿದೆ. ಇಷ್ಟು ತೊಳೆದೂ ಆ ಕೈಯಿಂದ ಹುಣ್ಣನ್ನು ಮುಟ್ಟುವುದಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಅವಳು, “ಉಕ್ಕು ಕೂಡ್ಸಿದ ಹುಣ್ಣಿಗಿ ಬಟ್ಟು ಹಚ್ಚಂಗಿಲ್ಲ ತಾಯಿ. ನಂದೂ ಇಲ್ಲ, ಸಾಹೇಬರದೂ ಇಲ್ಲ. ಚಿಮಟ ಮುಟ್ಟತದ. ಅದನ್ನ ಕುದಿಸಿರ್ತೀನಿ,” ಎಂದಳು. ಕಟ್ಟುವ ಗಂಟು ಯಾವಾಗಲೂ ಕಾಲಿನ ಹೊರಮಗ್ಗುಲಿಗೆ. ಒಳಮಗ್ಗುಲಿಗೆ ಬಂದರೆ ಮಲಗಿದಾಗ ಇನ್ನೊಂದು ಕಾಲಿಗೆ ಒತ್ತುತ್ತದಂತೆ.

ನೀವು ವಹಾಬನ ಬಾಳೆಹಣ್ಣಿನ ಬಂಡಿಯಲ್ಲಿ ಕಳಿಸಿದ ಪಾದೋದಕದ ಸೀಸೆ ಮೊನ್ನೆ ತಲುಪಿತು. ಮಠದ ಅಯ್ಯನವರ ಪಾದ ತೊಳೆದ ನೀರು ಕಮಲಾಪುರದಿಂದ ಇಷ್ಟು ದೂರ ಒಂದು ಹನಿ ಚೆಲ್ಲದೆ ಬಂತಲ್ಲ ಎಂದು ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡರು. ವಹಾಬ್ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದನಂತೆ. ಈಗ ಕಿಟಕಿಯಲ್ಲಿದೆ.

ಬಾವು ನಿನ್ನೆಗಿಂತ ಇಂದು ಹೆಚ್ಚು. ಹೆದರಬೇಡಿ. ಇಲ್ಲೇ ಬ್ರಹ್ಮಪುರದಲ್ಲಿರುವ ನಮ್ಮ ಬೀಗರ ಮನೆಯಿಂದ ಎರಡು ಹೊತ್ತೂ ಬುತ್ತಿ ಬರುತ್ತಿದೆ. ಕಸ್ತೂರಿಗೆ ಆಶೀರ್ವಾದ. ಎಳೆ ಗಿಡಗಳಿಗೆ ನೀರು ಬಿಡುವುದನ್ನು ಆಳುಗಳ ಮೇಲೆ ಹಾಕಿ ಕೂರಬೇಡಿ.

ನಿಮ್ಮ ಸೂಗಮ್ಮ

*

ಕಲಬುರ್ಗಿ
ಮಾಘ ಬಹುಳ ಬಿದಿಗೆ

ಕಸ್ತೂರಿಯ ತಂದೆಯವರಿಗೆ ಸೂಗಮ್ಮನ ಶರಣಾರ್ಥಿಗಳು.

ಈ ಸಲ ತಡವಾದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಬೇಗ ಬರೆದಿದ್ದರೆ ಬೈಗುಳವೇ ತುಂಬಿರುತ್ತಿತ್ತು. ನಾಲ್ಕು ದಿನ ತಡೆದು ಬರೆಯುತ್ತಿದ್ದೇನೆ. ಈಗಲೂ ಬೈಗುಳ ಬಂದರೆ ಅದು ತಡೆದ ಮೇಲೆ ಉಳಿದದ್ದು ಎಂದು ತಿಳಿಯಿರಿ.

ಕಳೆದ ಮಂಗಳವಾರ ನೀವು ಬಂದಿರಿ. ನನಗೆ ಚಳಿಜ್ವರ, ಕಾಲು ಬಾಳೆದಿಂಡಿನಷ್ಟು ದಪ್ಪ. ಹೊಲಿಗೆ ಬಿಚ್ಚಿದಾಗ ಒಂದು ಬಟ್ಟಲು ಕೀವು ಬಂದದ್ದನ್ನು ಕಣ್ಣಾರೆ ನೋಡಿ, ಬೆವರು ಒರೆಸಿಕೊಂಡು ಹೊರಗೆ ಹೋದಿರಿ. ಹೊರಗೆ ಅಕ್ಕ ನಿಮಗೆ ಏನೋ ಹೇಳಿದರು. ನೀವು ನನ್ನ ಹಾಸಿಗೆಯ ಬಳಿ ತಿರುಗಿ ಬರದೆ, ನನ್ನನ್ನು ಒಂದು ಮಾತು ಕೇಳದೆ, ನೇರ ದವಾಖಾನೆಯ ದೊಡ್ಡ ಸಾಹೇಬರ ಕಚೇರಿಗೆ ಹೋಗಿ ಉರ್ದುವಿನಲ್ಲಿ ಅರ್ಜಿ ಬರೆಸಿ ಕೊಟ್ಟು ಬಂಡಿ ಹತ್ತಿದಿರಿ. ಅದರಲ್ಲಿ ಏನಿದೆ ಎಂದು ಡಾಕ್ಟರ್ ಸಾಹೇಬರು ನನಗೆ ಓದಿ ಹೇಳಿದರು. ಕೀಳು ಜಾತಿಯ ಹೆಂಗಸೊಬ್ಬಳು ದಿನವೂ ಮುಟ್ಟಿದ್ದರಿಂದ ನಿಮ್ಮ ಹೆಂಡತಿಯ ಕಾಲು ಕೊಳೆಯಿತಂತೆ. ಆಕೆಯನ್ನು ಈ ಕೆಲಸದಿಂದ ತೆಗೆಯಬೇಕಂತೆ.

ತೆಗೆದರು. ಮರುದಿನ ಬೆಳಿಗ್ಗೆ ಹಣಮಮ್ಮನ ಕೈಯಲ್ಲಿ ಚಿಮಟ ಇರಲಿಲ್ಲ, ಕಸಬರಿಗೆ ಇತ್ತು. ನಮ್ಮದೇ ವಾರ್ಡಿನ ನೆಲ ಗುಡಿಸುತ್ತ ನನ್ನ ಹಾಸಿಗೆಯ ಕೆಳಗೆ ಬಗ್ಗಿದಳು. ಆರು ವರ್ಷ ಕಲಿತ ಕೈ ಅದು. ನಾನು ಕರೆದೆ. “ನೆಲ ಹಸಿ ಅದ, ಕಾಲು ಕೆಳಗ ಬಿಡಬ್ಯಾಡ್ರಿ,” ಎಂದಷ್ಟೇ ಹೇಳಿ ಮುಂದಕ್ಕೆ ಹೋದಳು. ನನಗೆ ಅಳು ಬರಲಿಲ್ಲ. ನಿಮ್ಮ ಮೇಲೆ ಸಿಟ್ಟು ಬಂತು. ಮದುವೆಯಾದಂದಿನಿಂದ ಇಷ್ಟು ಸಿಟ್ಟು ಒಮ್ಮೆಯೂ ಬಂದಿರಲಿಲ್ಲ.

ಪಟ್ಟಿ ಕಟ್ಟಲು ರಾಮಣ್ಣ ಎಂಬ ಕಂಪೌಂಡರ್ ಬಂದ. ನಾನು ಮುಟ್ಟಗೊಡಲಿಲ್ಲ. ಕೂಗಾಡಿದೆ. ಕೊನೆಗೆ ಡಾಕ್ಟರ್ ಸಾಹೇಬರೇ ಬಂದು ಬಿಚ್ಚಿದರು. ಬಿಚ್ಚುವ ಮೊದಲು ಒಂದು ಗಳಿಗೆ ಪಟ್ಟಿಯನ್ನೇ ನೋಡಿ ಅಂದರು: “ಇದು ಹಣಮಮ್ಮನ ಗಂಟು ಅಲ್ಲ. ಆಕಿ ಗಂಟು ಹೊರಗ ಇರ್ತದ. ಇದು ಒಳಗ ಅದ. ಯಾರು ಬಿಚ್ಚಿ ಕಟ್ಟೀರಿ?” ಒಳಗೆ ನೋಡಿದರೆ ಹತ್ತಿಯ ಕೆಳಗೆ ವಿಭೂತಿ ಗಾರೆಯಂತೆ ಮೆತ್ತಿಕೊಂಡಿತ್ತು.

ಅಕ್ಕ ಮೂಲೆಯಿಂದ ಎದ್ದು ಬಂದು, ತಲೆ ಎತ್ತಿಕೊಂಡೇ ಹೇಳಿದರು: “ನಾನೇ ಬಿಚ್ಚೀನಿ. ದಿನಾ ಆಕಿ ಹೋದ ಮ್ಯಾಲ ಪಾದೋದಕ ಹಾಕಿ ತೊಳೀತೀನಿ, ಭಸ್ಮ ಹಚ್ತೀನಿ. ಆಕಿ ಮುಟ್ಟಿದ್ದು ಹಂಗ ಬಿಡ್ಲೇನ್ರಿ? ನಮ್ಮದು ಮಠಕ್ಕ ನಡಕೊಳ್ಳೋ ಮನಿ.”

ಡಾಕ್ಟರ್ ಸಾಹೇಬರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಆ ಸೀಸೆಯನ್ನು ಕಿಟಕಿಯಿಂದ ತೆಗೆದು ಬೆಳಕಿಗೆ ಹಿಡಿದು ತೋರಿಸಿದರು. ತಳದಲ್ಲಿ ಹಸಿರು ಪಾಚಿ ಕಟ್ಟಿತ್ತು. ಇಷ್ಟೂ ದಿನ ಅದೇ ನೀರು ನನ್ನ ಎಲುಬಿನವರೆಗೆ ಇಳಿದಿದೆ. ಅಕ್ಕನನ್ನು ಅಂದೇ ವಹಾಬನ ಬಂಡಿಯಲ್ಲಿ ಕಳಿಸಿಬಿಟ್ಟರು. ಅವರು ಬಂದು ನಿಮಗೆ ಹೇಳಿರಬೇಕು. ಅವರನ್ನು ಬೈಯಬೇಡಿ. ಸೀಸೆ ಕಳಿಸಿದವರು ನೀವು ಎಂಬುದನ್ನೂ ಮರೆಯಬೇಡಿ.

ಈಗ ಲೆಕ್ಕಕ್ಕೆ ಬನ್ನಿ. ಈ ದವಾಖಾನೆಯಲ್ಲಿ ನನ್ನ ಹುಣ್ಣನ್ನು ಬರಿಗೈಯಿಂದ ಮುಟ್ಟಿದವರು ನಮ್ಮ ಮನೆಯವರು. ಮುಟ್ಟದೆ ಇದ್ದವಳು ಹಣಮಮ್ಮ. ಮುಟ್ಟಿದಳೆಂದು ಕಸಬರಿಗೆ ಹಿಡಿದವಳೂ ಅವಳೇ. ಶರಣರು ಯಾರಿಗೂ ಮೈಲಿಗೆ ಎನ್ನಲಿಲ್ಲ ಎಂದು ದಿನವೂ ಪೂಜೆಯ ಹೊತ್ತಿಗೆ ನೀವು ಹೇಳುತ್ತೀರಿ. ನಾನು ಹೂಂ ಎನ್ನುತ್ತೇನೆ. ಇಬ್ಬರೂ ಎಂಥ ಮಂದಿ ನೋಡಿ.

ಡಾಕ್ಟರ್ ಸಾಹೇಬರು ದೊಡ್ಡ ಸಾಹೇಬರಿಗೆ ನಡೆದದ್ದೆಲ್ಲ ಹೇಳಿದರು. ಅವರ ಉತ್ತರ ಇದು: ಪಾಟೀಲರ ಅರ್ಜಿ ದಾಖಲಾಗಿದೆ, ಆ ಮನೆಯವರೇ ಲಿಖಿತದಲ್ಲಿ ಅಲ್ಲಗಳೆಯುವವರೆಗೆ ಆಕೆ ಪಟ್ಟಿಯ ಕೆಲಸಕ್ಕೆ ಬರುವಂತಿಲ್ಲ. ಆದ್ದರಿಂದ ನೀವು ಬಂದು ಅರ್ಜಿಯನ್ನು ವಾಪಸು ತೆಗೆದುಕೊಳ್ಳಬೇಕು. ಶಿವರಾತ್ರಿಯೊಳಗೆ ಬನ್ನಿ. ಅದಾಗದಿದ್ದರೆ ನಾನು ಕಮಲಾಪುರಕ್ಕೆ ಬರುವುದಿಲ್ಲ. ಎರಡು ಕಾಲಿದ್ದರೂ ಬರುವುದಿಲ್ಲ, ಒಂದೇ ಉಳಿದರೂ ಬರುವುದಿಲ್ಲ. ಬ್ರಹ್ಮಪುರದ ಬೀಗರ ಮನೆಯ ಪಡಸಾಲೆಯಲ್ಲಿ ಕೂತು ಹುಡುಗಿಯರಿಗೆ ಅಕ್ಷರ ತಿದ್ದಿಸಿಕೊಂಡು ಇರುತ್ತೇನೆ.

ಕಸ್ತೂರಿಗೆ ಆಶೀರ್ವಾದ. ಅವಳಿಗೆ ಈ ಕಾಗದ ಓದಲು ಕೊಡಿ. ಹನ್ನೆರಡು ವರ್ಷದವಳು, ಸಣ್ಣವಳೇನಲ್ಲ.

ಸೂಗಮ್ಮ

*

ಕಲಬುರ್ಗಿ
ಫಾಲ್ಗುಣ ಶುದ್ಧ ಸಪ್ತಮಿ

ಕಸ್ತೂರಿಯ ತಂದೆಯವರಿಗೆ ಶರಣಾರ್ಥಿಗಳು.

ಶಿವರಾತ್ರಿಗೆ ನೀವು ಬರಲಿಲ್ಲ, ನಿಮ್ಮ ಚೀಟಿ ಬಂತು. ಉತ್ತರಕ್ಕೆ ಇಷ್ಟು ದಿನ ಹಿಡಿದದ್ದು ಬೇಕೆಂದೇ. ಬರೆಯುವ ಮೊದಲು ಮಾಡುವುದಿತ್ತು, ಮಾಡಿ ಬರೆಯುತ್ತಿದ್ದೇನೆ.

ಚೀಟಿಯಲ್ಲಿ ನೀವು ಬರೆದದ್ದು ಆರೇ ಸಾಲು. ಪಾಟೀಲ ಬರೆದುಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಊರಿನಲ್ಲಿ ಮುಖ ತೋರಿಸುವುದು ಹೇಗೆ ಎಂದು ಕೇಳಿದ್ದೀರಿ. ಉಕ್ಕು ಕೂರಿಸಿಕೊಂಡು ಕೆಟ್ಟದ್ದು ಸಾಕು, ಬಂಡಿ ಕಳಿಸುತ್ತೇನೆ, ಮರೆಪ್ಪ ಕಾದಿದ್ದಾನೆ ಎಂದೂ ಇದೆ. ಬಂಡಿ ಬಂತು. ವಹಾಬನಿಗೆ ಬುತ್ತಿ ಉಣಿಸಿ ಖಾಲಿ ಬಂಡಿಯಲ್ಲೇ ತಿರುಗಿ ಕಳಿಸಿದೆ. “ಅಮ್ಮಾ, ಪಾಟೀಲ್ ಸಾಬ್ ನನಗ ಬೈತಾರ,” ಎಂದ. ನಿನಗೆ ಬೈದರೆ ನನ್ನ ಹೆಸರು ಹೇಳು ಎಂದೆ. ಬೈದಿರಾ?

ಅಂದೇ ಸಂಜೆ ದೊಡ್ಡ ಸಾಹೇಬರು ಬಂದು ಕಾಲು ನೋಡಿ, ಮೊಣಕಾಲಿನ ಮೇಲಕ್ಕೆ ತೆಗೆದುಬಿಡುವುದು ಒಳ್ಳೆಯದು ಎಂದರು. ನನ್ನನ್ನು ಬಿಟ್ಟು ನನ್ನ ಕಾಲಿನ ಜೊತೆ ಮಾತಾಡುವವರ ಹಾಗೆ ಮಾತಾಡಿದರು. ನಾನು ಕೇಳಿದೆ, ಒಳಗೆ ಬಂದು ಕೂತದ್ದು ಉಕ್ಕು, ಕೆಟ್ಟದ್ದು ನೀರು, ಎಲುಬು ಏನು ತಪ್ಪು ಮಾಡಿದೆ? ನಮ್ಮ ಡಾಕ್ಟರ್ ಸಾಹೇಬರು ನಕ್ಕರು. ಕೆಟ್ಟ ಹುಣ್ಣಿನಲ್ಲಿ ಲೋಹ ಇರುವವರೆಗೆ ಬಾವು ಇಳಿಯುವುದಿಲ್ಲ, ಮೊದಲು ಅದನ್ನು ತೆಗೆದು ನೋಡೋಣ ಎಂದು ಅವರೂ ಹಟ ಹಿಡಿದರು. ಇನ್ನೊಮ್ಮೆ ಕೊಯ್ದರು. ನಾಲ್ಕು ತಿರುಪಿನಲ್ಲಿ ಎರಡು ತಾವಾಗಿ ಸಡಿಲಾಗಿ ಕೈಗೆ ಬಂದವಂತೆ. ಆದರೆ ಕೇಳಿ, ಅದರ ಕೆಳಗೆ ಎಲುಬು ಅಂಟು ಹಿಡಿದಿತ್ತು. ಇಷ್ಟು ಕೀವಿನ ನಡುವೆ, ಇಷ್ಟು ಜ್ವರದ ನಡುವೆ, ಅದು ತನ್ನ ಪಾಡಿಗೆ ತಾನು ಕೂಡಿಕೊಳ್ಳುತ್ತಿತ್ತು. ಡಾಕ್ಟರ್ ಸಾಹೇಬರು ಇದನ್ನು ಹೇಳಿದಾಗ ನಾನು ಅತ್ತೆ. ಅತ್ತದ್ದು ಅದೊಂದೇ ಸಲ.

ಈಗ ಜ್ವರವಿಲ್ಲ. ಕೆಂಪು ಇಳಿಯುತ್ತಿದೆ, ಚರ್ಮದಲ್ಲಿ ನಿರಿಗೆ ಕಾಣುತ್ತಿದೆ. ಬಾವು ಇಳಿಯುವಾಗ ಹಾಗೆ ನಿರಿಗೆ ಬೀಳುತ್ತದಂತೆ. ಎಡಗಾಲು ಬೆರಳಗಲದಷ್ಟು ಗಿಡ್ಡವಾದೀತು. ಕುಂಟುತ್ತೇನೆ. ಕುಂಟುತ್ತಲೇ ತೋಟ ಸುತ್ತುತ್ತೇನೆ, ಆಳುಗಳಿಗೆ ನಾನು ಬರುವ ಸಪ್ಪಳ ದೂರದಿಂದಲೇ ಕೇಳಿ ಕೆಲಸ ಚೆನ್ನಾಗಿ ಆಗುತ್ತದೆ. ಉಕ್ಕಿನ ಪಟ್ಟಿ ಮತ್ತು ನಾಲ್ಕು ತಿರುಪುಗಳನ್ನು ತೊಳೆದು ಕುಂಕುಮದ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಊರಿಗೆ ತರುತ್ತೇನೆ. ಯಾರಾದರೂ ಹಣಮಮ್ಮನ ಕೈಯಿಂದ ನನ್ನ ಕಾಲು ಕೆಟ್ಟಿತು ಎಂದರೆ ಅದನ್ನು ಅವರ ಮುಂದಿಟ್ಟು ನಡೆದದ್ದನ್ನು ಮೊದಲಿನಿಂದ ಹೇಳುವುದಿದೆ.

ಅರ್ಜಿಯ ವಿಷಯ. ಮನೆಯವರು ಅಲ್ಲಗಳೆಯಬೇಕು ಎಂದು ತಾನೇ ದೊಡ್ಡ ಸಾಹೇಬರು ಹೇಳಿದ್ದು? ನಾನೂ ಮನೆಯವಳೇ. ಹಾಸಿಗೆಯಲ್ಲಿ ಕೂತು ಕನ್ನಡದಲ್ಲಿ ಬರೆದೆ. ನನ್ನ ಕಾಲು ಕೆಟ್ಟದ್ದು ನಮ್ಮ ಮನೆಯವರು ಪಟ್ಟಿ ಬಿಚ್ಚಿ ತೊಳೆದದ್ದರಿಂದ, ಹಣಮಮ್ಮನ ತಪ್ಪು ಎಳ್ಳಷ್ಟೂ ಇಲ್ಲ, ನನ್ನ ಗಂಡ ತಿಳಿಯದೆ ಬರೆಸಿದ ಮಾತು ಸುಳ್ಳು ಎಂದು ಬರೆದೆ. ಕಚೇರಿಯ ಗುಮಾಸ್ತ ಉರ್ದುವಿಗೆ ಇಳಿಸಿಕೊಳ್ಳಲು ಬಂದ. ಬರೆಯುತ್ತಿದ್ದವನು ನಡುವೆ ನಿಲ್ಲಿಸಿ, “ಖಾವಿಂದನ ಹೆಸರು ಹೇಳ್ರಿ,” ಎಂದ. ಇಪ್ಪತ್ತೆರಡು ವರ್ಷದಲ್ಲಿ ನಾನು ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಪಕ್ಕದ ಹಾಸಿಗೆಯ ಮೆಹಬೂಬಿ, ಕೋಟೆಯ ಕಡೆಯವಳು, “ಬ್ಯಾಡ ಅಕ್ಕಾ, ನಾ ಹೇಳ್ತೀನಿ,” ಎಂದು ಸಹಾಯಕ್ಕೆ ಬಂದಳು. ಬೇಡವೆಂದೆ. ಜಗದೇವಪ್ಪ ಎಂದೆ. ಗಟ್ಟಿಯಾಗಿಯೇ ಅಂದೆ. ಅವನಿಗೆ ಸರಿಯಾಗಿ ಕೇಳಿಸಿತು, ಇಡೀ ವಾರ್ಡಿಗೇ ಕೇಳಿಸಿತು. ಛಾವಣಿ ಕೆಳಗೆ ಬೀಳಲಿಲ್ಲ.

ಮೊನ್ನೆ ಬೆಳಿಗ್ಗೆ ಹಣಮಮ್ಮ ಚಿಮಟ ಹಿಡಿದು ಬಂದಳು. ಏನೂ ಆಗದವಳ ಹಾಗೆ ಕೈ ತೊಳೆದಳು.

ಇನ್ನು ನನ್ನ ಷರತ್ತು ಕೇಳಿ. ಇನ್ನು ಹದಿನೈದು ದಿನಕ್ಕೆ ನನ್ನನ್ನು ಬಿಡುತ್ತಾರೆ. ಬಂಡಿ ಕಳಿಸಬೇಡಿ, ನೀವೇ ಬನ್ನಿ. ಬೆಳಿಗ್ಗೆ ಪಟ್ಟಿ ಕಟ್ಟುವ ಹೊತ್ತಿಗೆ ಬಂದು, ಆಕೆ ಕಟ್ಟುವುದನ್ನು ಕೊನೆಯವರೆಗೆ ನಿಂತು ನೋಡಬೇಕು. ನಮ್ಮ ತೋಟದ ಕೆಂಪು ಬಾಳೆಯ ಒಂದು ಒಳ್ಳೆಯ ಗೊನೆ ತನ್ನಿ. ಆಕೆಗೆ ಕೊಡಬೇಕು. ನೆಲಕ್ಕೆ ಇಟ್ಟು ತಗೋ ಎನ್ನಬೇಡಿ, ಮೇಲಿನಿಂದ ಉಡಿಗೆ ಹಾಕಬೇಡಿ. ಕೈಯಲ್ಲಿ ಕೊಡಬೇಕು, ಆಕೆಯ ಕೈ ತಾಗುವ ಹಾಗೆ ಕೊಡಬೇಕು. ಇಷ್ಟಾದರೆ ನಾನು ಬಂಡಿ ಹತ್ತುತ್ತೇನೆ. ಇದು ಆಗದ ಮಾತು ಎನಿಸಿದರೆ ನನ್ನ ಎರಡು ಇಳಕಲ್ ಸೀರೆ ಮತ್ತು ಕಸ್ತೂರಿಯನ್ನು ಬ್ರಹ್ಮಪುರಕ್ಕೆ ಕಳಿಸಿಕೊಡಿ.

ನೀವು ಬರುತ್ತೀರಿ ಎಂದು ನನಗೆ ಗೊತ್ತಿದೆ. ನೀವು ಕೆಟ್ಟವರಲ್ಲ. ಅವಸರದವರು, ಊರ ಮಂದಿಗೆ ಹೆದರುವವರು. ನಿಮಗೆ ಆಯುಷ್ಯ, ಆರೋಗ್ಯ ಬರಲಿ, ಮನೆಯ ದೀಪ ಬೆಳಗಲಿ. ಕಸ್ತೂರಿಗೆ ನನ್ನ ಮುತ್ತು.

ನಿಮ್ಮವಳೇ ಆದ
ಸೂಗಮ್ಮ

ತಾಜಾಕಲಮು: ಮೇಲಿನದನ್ನು ಬರೆದು ಮಡಚಿ ಇಟ್ಟಿದ್ದೆ. ಮತ್ತೆ ಬಿಚ್ಚಿದ್ದೇನೆ.

ಮನೆಯವರು ತೊಳೆದರು ಎಂದು ಅರ್ಜಿಯಲ್ಲಿ ಬರೆದೆನಲ್ಲ, ಆ ಮನೆಯವರು ನಾನು. ಅಕ್ಕ ತಾವಾಗಿ ಪಟ್ಟಿ ಬಿಚ್ಚಲಿಲ್ಲ. ಸೀಸೆ ಬಂದ ದಿನ, ಹಣಮಮ್ಮ ಪಟ್ಟಿ ಕಟ್ಟಿ ಎದ್ದು ಬಾಗಿಲು ದಾಟುವ ಮೊದಲೇ ನಾನು ಅಂದೆ, “ಅಕ್ಕಾ, ಆಕಿ ಕೈ ಆಡ್ಸಿ ಹೋಗ್ಯಾಳ. ನನಗ ಹ್ಯಾಂಗೋ ಆಗಾಕತ್ತದ. ಬಿಚ್ಚಿ ತೊಳೀರಿ.” ಅವರು ಹಿಂಜರಿದರು. “ಸಾಹೇಬರು ಬ್ಯಾಡಂದಾರಲ್ಲ ಸೂಗಾ,” ಎಂದರು. ನಾನೇ ಹಟ ಮಾಡಿದೆ. ದಿನವೂ ಹೇಳಿ ತೊಳೆಸಿಕೊಂಡೆ. ಡಾಕ್ಟರ್ ಸಾಹೇಬರು ಕೇಳಿದಾಗ ಆ ಮುದುಕಿ ನನ್ನ ಹೆಸರೆತ್ತದೆ ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡು ಬಂಡಿ ಹತ್ತಿದಳು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಇದನ್ನು ಅವರ ಎದುರಿಗೆ, ಕಸ್ತೂರಿಯ ಎದುರಿಗೆ ಗಟ್ಟಿಯಾಗಿ ಓದಿ. ಒಂದು ಅಕ್ಷರವೂ ಬಿಡಬೇಡಿ.

ನಿನ್ನೆ ಪಟ್ಟಿ ಕಟ್ಟುವಾಗ ಹಣಮಮ್ಮನಿಗೂ ಹೇಳಿದೆ. ಅವಳು ಕೆಲಸ ನಿಲ್ಲಿಸಲಿಲ್ಲ. “ಗೊತ್ತದ ತಾಯಿ. ನಾ ಬಾಗಲದಾಗ ಇದ್ದೆ, ಕೇಳ್ಸಿತು. ಮರುದಿನ ಗಂಟೂ ಒಳಗ ಇತ್ತು,” ಎಂದಳು. ಮತ್ತೇಕೆ ಸಾಹೇಬರಿಗೆ ಹೇಳಲಿಲ್ಲ, ಕಸಬರಿಗೆ ಕೊಟ್ಟಾಗಲಾದರೂ ಹೇಳಬಾರದಿತ್ತೇ ಎಂದೆ.

“ನಾ ಮುಟ್ಟಿದ ಮ್ಯಾಲ ಮಂದಿ ತೊಳ್ಕೊಳ್ಳೂದು ನನಗೇನು ಹೊಸಾದಲ್ಲ ತಾಯಿ. ತೊಳ್ಕೊಳ್ಳೋದಿದ್ರ ನೀರು ಕುದಿಸಿ ತೊಳ್ಕೋರಿ ಅಂತ ನಾ ನಿಮಗ ಹೇಳಬೇಕಿತ್ತು. ಹೇಳಲಿಲ್ಲ. ಅದೊಂದು ನನ್ನ ತಪ್ಪು ಅದ.”

ಹೀಗೆಂದು ಗಂಟನ್ನು ಹೊರಮಗ್ಗುಲಿಗೆ ಎಳೆದು ಕಟ್ಟಿ, ಮೆಹಬೂಬಿಯ ಹಾಸಿಗೆಗೆ ಹೋದಳು.